ಐದನೆಯದೋ, ನಲವತ್ತಾರನೆಯದೋ? ಬೆಂಗಾಲ್ಸ್ ತಂಡದ 2021ರ ಡ್ರಾಫ್ಟ್ ಪ್ರಕರಣ

2020ರ ನವೆಂಬರ್ 22, ಭಾನುವಾರ. ನಮ್ಮಲ್ಲಿ ಆಗಲೇ ನಡುರಾತ್ರಿ ದಾಟಿತ್ತು. ವಾಷಿಂಗ್ಟನ್ ತಂಡದ ಮೈದಾನದಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಜೋ ಬರೋ ಚೆಂಡು ಎಸೆದರು. ಅದೇ ಗಳಿಗೆಗೆ ಎದುರಾಳಿಗಳಿಬ್ಬರು ಬಂದು ಬಿದ್ದರು, ಒಬ್ಬರು ಮೈ ಮೇಲೆ, ಇನ್ನೊಬ್ಬರು ಕಾಲ ಮೇಲೆ. ಎಡ ಮಂಡಿಯ ಎರಡು ಲಿಗಮೆಂಟ್‌ಗಳು ಹರಿದವು. ಗಾಡಿಯಲ್ಲಿ ಕೂರಿಸಿ ಹೊರಗೆ ಕರೆದುಕೊಂಡು ಹೋದರು. ಅದು ಅವರ ಹತ್ತನೇ ಪಂದ್ಯ. ಆ ಹತ್ತು ಪಂದ್ಯಗಳಲ್ಲಿ 32 ಸಲ ಅವರನ್ನು ಚೆಂಡು ಎಸೆಯುವ ಮುಂಚೆಯೇ ಕೆಡವಿದ್ದರು. ಇದನ್ನೇ ಸ್ಯಾಕ್ ಅನ್ನುತ್ತಾರೆ.

ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್. ಅದರ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಇಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ತಂಡದ ಮೆದುಳು ಮತ್ತು ತೋಳು ಎರಡೂ. ಅವರ ಮುಂದೆ ಐದು ದಢೂತಿ ಆಟಗಾರರು ಗೋಡೆಯ ಹಾಗೆ ನಿಲ್ಲುತ್ತಾರೆ. ನಡುವೆ ಸೆಂಟರ್, ಅವರ ಅಕ್ಕಪಕ್ಕ ಇಬ್ಬರು ಗಾರ್ಡ್, ಎರಡೂ ತುದಿಗೆ ಒಬ್ಬೊಬ್ಬ ಟ್ಯಾಕಲ್. ಇವರು ಎರಡು ಮೂರು ಸೆಕೆಂಡ್ ತಡೆದರೆ ಸಾಕು, ದೂರ ಓಡಿದ ರಿಸೀವರ್‌ಗೆ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾರೆ. ಗೋಡೆ ಬಿದ್ದರೆ ಮಂಡಿ ಹೋಗುತ್ತದೆ.

ಬರೋ ಸಾಮಾನ್ಯ ಆಟಗಾರರಲ್ಲ. ಓಹಾಯೋದಲ್ಲೇ ಬೆಳೆದ ಹುಡುಗ. 2019ರಲ್ಲಿ ಲೂಸಿಯಾನಾದ ಎಲ್‌ಎಸ್‌ಯು ಕಾಲೇಜಿಗೆ ಆಡಿ 15ಕ್ಕೆ 15 ಪಂದ್ಯ ಗೆಲ್ಲಿಸಿದವರು, ಒಂದೇ ಸೀಸನ್ನಿನಲ್ಲಿ 60 ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಕೊನೆ ಗೆರೆ ದಾಟಿಸಿ ಅಂಕ ತರುವ ಪಾಸ್, ಎಸೆದವರು. ಕಾಲೇಜಿನಿಂದ ಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2020ರ ಡ್ರಾಫ್ಟ್‌ನಲ್ಲಿ ಬೆಂಗಾಲ್ಸ್ ಅವರನ್ನು ಮೊಟ್ಟಮೊದಲ ಆಯ್ಕೆಯಾಗಿ ತೆಗೆದುಕೊಂಡಿತ್ತು. ಊರಿನವರು 1991ರ ಜನವರಿಯಿಂದ ಒಂದು ಪ್ಲೇಆಫ್ ಗೆಲುವಿಗಾಗಿ ಕಾಯುತ್ತಿದ್ದರು. ಕೊನೆಗೂ ಸಿಕ್ಕ ಹುಡುಗ ಮೊದಲ ವರ್ಷವೇ ಹೀಗೆ ನೆಲಕ್ಕೆ ಬಿದ್ದರೆ ಹೊಟ್ಟೆ ಉರಿಯೋದಿಲ್ವಾ?

ಬರೋ ಬಿದ್ದ ಮೇಲೂ ತಂಡ ಡಿಸೆಂಬರ್‌ನಲ್ಲಿ ಎರಡು ಪಂದ್ಯ ಗೆದ್ದಿತು. ಸೀಸನ್ ಮುಗಿದಾಗ ಲೆಕ್ಕ 4 ಗೆಲುವು, 11 ಸೋಲು, 1 ಟೈ. ಡ್ರಾಫ್ಟ್‌ನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ. ಆ ಎರಡು ಗೆಲುವು ಇಲ್ಲದಿದ್ದರೆ ಮೂರನೇ ಸರದಿ ಸಿಗುತ್ತಿತ್ತು, ಈಗ ಸಿಕ್ಕಿದ್ದು ಐದನೆಯದು.

ಐಪಿಎಲ್ ಹರಾಜು ನೋಡಿದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಹರಾಜಿನಲ್ಲಿ ಕೈಯಲ್ಲಿ ದುಡ್ಡಿದ್ದರೆ ಯಾವ ಆಟಗಾರನಿಗೆ ಬೇಕಾದರೂ ಕೂಗಬಹುದು. ಡ್ರಾಫ್ಟ್‌ನಲ್ಲಿ ಕೂಗುವ ಮಾತೇ ಇಲ್ಲ. 32 ತಂಡಗಳು, ಏಳು ಸುತ್ತು. ನಿಮ್ಮ ಸರದಿ ಬಂದಾಗ ಒಬ್ಬರ ಹೆಸರು ಹೇಳಬೇಕು, ಆಮೇಲೆ ಮುಂದಿನ ಸುತ್ತಿನವರೆಗೆ ಕಾಯಬೇಕು. ಸಂಬಳವೂ ಹೆಚ್ಚುಕಡಿಮೆ ಆ ಸರದಿಯ ಅಂಕಿಗೇ ಕಟ್ಟಿಬಿದ್ದಿರುತ್ತದೆ. ಒಳ್ಳೆಯ ಆಟಗಾರ ನಾಲ್ಕು ವರ್ಷ ಮಾರುಕಟ್ಟೆ ಬೆಲೆಗಿಂತ ತೀರಾ ಕಡಿಮೆಗೆ ಆಡುತ್ತಾರೆ. ಅದರಲ್ಲೂ 2021ರಲ್ಲಿ ಕೋವಿಡ್‌ನಿಂದ ಆದಾಯ ಕುಸಿದು, ತಂಡವೊಂದರ ಸಂಬಳದ ಮಿತಿ 198.2 ಮಿಲಿಯನ್ ಡಾಲರ್‌ನಿಂದ 182.5 ಮಿಲಿಯನ್‌ಗೆ ಇಳಿದಿತ್ತು. ಕಡಿಮೆ ಬೆಲೆಗೆ ಸಿಗುವ ಪ್ರತಿಭೆಗೆ ಆ ವರ್ಷ ಇನ್ನೂ ಜಾಸ್ತಿ ಬೆಲೆ.

ಐದನೇ ಸರದಿ ಹತ್ತಿರ ಬಂದಂತೆ ಮಾತೆಲ್ಲ ಎರಡು ಹೆಸರುಗಳ ಸುತ್ತ ನಿಂತಿತು.

ಒಬ್ಬರು ಪೆನೇ ಸೂಯೆಲ್. ಅಮೆರಿಕನ್ ಸಮೋವಾ ದ್ವೀಪದಲ್ಲಿ ಹುಟ್ಟಿದವರು, ಒರೆಗಾನ್ ಕಾಲೇಜಿನ ಟ್ಯಾಕಲ್, ಆಗಿನ್ನೂ 20 ವರ್ಷ. ಕಾಲೇಜು ಆಟದ ಅತ್ಯುತ್ತಮ ಲೈನ್‌ಮನ್‌ಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ 2019ರಲ್ಲೇ ಅವರ ಕೈಲಿತ್ತು. ಇನ್ನೊಬ್ಬರು ಜಮಾರ್ ಚೇಸ್, ರಿಸೀವರ್, ಬರೋ ಜೊತೆ ಎಲ್‌ಎಸ್‌ಯುನಲ್ಲಿ ಆಡಿದವರೇ. 2019ರಲ್ಲಿ 84 ಚೆಂಡು ಹಿಡಿದು 1,780 ಯಾರ್ಡ್, 20 ಟಚ್‌ಡೌನ್. ಕೋವಿಡ್ ಕಾರಣಕ್ಕೆ ಇಬ್ಬರೂ 2020ರ ಸೀಸನ್ ಆಡಿರಲಿಲ್ಲ. ಹಾಗಾಗಿ ಇಬ್ಬರನ್ನೂ ಒಂದೂವರೆ ವರ್ಷ ಹಳೆಯ ವಿಡಿಯೊ ನೋಡಿ ತೂಗಬೇಕಿತ್ತು.

ಬಹಳ ಜನರ ವಾದ ಸೀದಾ ಇತ್ತು. ಮಂಡಿ ಮುರಿದಿದೆ, ಗೋಡೆ ಕಟ್ಟಿ. ರಿಸೀವರ್ ತಗೊಂಡು ಏನು ಮಾಡ್ತೀರಿ, ಚೆಂಡು ಎಸೆಯುವವರೇ ಆಸ್ಪತ್ರೆಯಲ್ಲಿದ್ದರೆ? ಈ ವಾದವನ್ನು ನಾನೂ ಆಗ ಪೂರ್ತಿ ಒಪ್ಪಿದ್ದೆ. ಟೈಲರ್ ಬಾಯ್ಡ್, ಟೀ ಹಿಗ್ಗಿನ್ಸ್ ಎಂಬ ಇಬ್ಬರು ಒಳ್ಳೆಯ ರಿಸೀವರ್‌ಗಳು ತಂಡದಲ್ಲಿ ಇದ್ದೇ ಇದ್ದರಲ್ಲ!

ಏಪ್ರಿಲ್ 29ರ ರಾತ್ರಿ ಕ್ಲೀವ್‌ಲ್ಯಾಂಡ್‌ನಲ್ಲಿ ಡ್ರಾಫ್ಟ್ ಶುರುವಾಯಿತು. ನಮಗೆ 30ರ ಬೆಳಗಿನ ಐದೂವರೆ. ಮೊದಲ ಮೂರೂ ಆಯ್ಕೆ ಕ್ವಾರ್ಟರ್‌ಬ್ಯಾಕ್‌ಗಳು. ನಾಲ್ಕನೆಯದಾಗಿ ಅಟ್ಲಾಂಟಾ ತಂಡ ಟೈಟ್ ಎಂಡ್ (ತಡೆಯುವ, ಚೆಂಡು ಹಿಡಿಯುವ ಎರಡೂ ಕೆಲಸದ ಆಟಗಾರ) ಕೈಲ್ ಪಿಟ್ಸ್ ಅವರನ್ನು ಆರಿಸಿತು. ಸೂಯೆಲ್, ಚೇಸ್ ಇಬ್ಬರೂ ಉಳಿದಿದ್ದರು. ಬೆಂಗಾಲ್ಸ್ ಚೇಸ್ ಹೆಸರು ಕೊಟ್ಟಿತು. ಏಳನೇ ಸರದಿಯಲ್ಲಿ ಡೆಟ್ರಾಯಿಟ್ ಲಯನ್ಸ್ ಸೂಯೆಲ್ ಅವರನ್ನು ಬಾಚಿಕೊಂಡಿತು.

ಈಗ ಹಿಂತಿರುಗಿ ನೋಡಿದರೆ, ಆ ಬೆಳಿಗ್ಗೆ ನಾನು ಎಡವಿದ್ದು ಎಲ್ಲಿ ಅಂತ ಗೊತ್ತಾಗುತ್ತದೆ. ತಂಡದ ಅಗತ್ಯ ಅಂದರೆ ಕಣ್ಣಿಗೆ ಕಾಣುವ ತೂತು ಅಂತಷ್ಟೇ ಅಂದುಕೊಂಡಿದ್ದೆ. ಆ ತೂತನ್ನು ಬೇರೆ ಯಾವ ದಾರಿಯಲ್ಲಿ ಮುಚ್ಚಬಹುದು ಅಂತ ಕೇಳಿಕೊಂಡಿರಲಿಲ್ಲ.

ತಂಡದ ಆಟಗಾರರ ಆಯ್ಕೆ ನೋಡಿಕೊಳ್ಳುವ ಡ್ಯೂಕ್ ಟೋಬಿನ್ ಮತ್ತು ಕೋಚ್ ಝ್ಯಾಕ್ ಟೇಲರ್ ಮಾರ್ಚ್‌ನಲ್ಲಿ ಮಾಡಿದ ಕೆಲಸ ನೋಡಿ. ಬಲ ಟ್ಯಾಕಲ್ ಬಾಬಿ ಹಾರ್ಟ್ ಅವರನ್ನು ಬಿಟ್ಟರು. ಅನುಭವಿ ರೈಲಿ ರೀಫ್ ಅವರನ್ನು ಒಂದೇ ವರ್ಷಕ್ಕೆ 7.5 ಮಿಲಿಯನ್ ಡಾಲರ್ ಕೊಟ್ಟು ತಂದರು. ಎಡ ಟ್ಯಾಕಲ್ ಜಾಗದಲ್ಲಿ 2019ರ ಮೊದಲ ಸುತ್ತಿನ ಆಯ್ಕೆ ಜೋನಾ ವಿಲಿಯಮ್ಸ್ ಇದ್ದರು. ಅಂದರೆ ಎರಡೂ ತುದಿಗೆ, ಅದ್ಭುತ ಅಲ್ಲದಿದ್ದರೂ, ಆಡಿಸಬಹುದಾದ ಆಟಗಾರರು ಏಪ್ರಿಲ್‌ಗೆ ಮುಂಚೆಯೇ ಸಿದ್ಧವಾಗಿದ್ದರು. ರಕ್ಷಣೆಯ ಕಡೆಗೆ ಟ್ರೇ ಹೆಂಡ್ರಿಕ್ಸನ್ ಅವರನ್ನು ನಾಲ್ಕು ವರ್ಷ, 60 ಮಿಲಿಯನ್‌ಗೆ ತಂದಿದ್ದರು. ಅಂಗಡಿಗೆ ಹಸಿದುಕೊಂಡು ಹೋದರೆ ಕಂಡದ್ದೆಲ್ಲ ಬುಟ್ಟಿಗೆ ಬೀಳುತ್ತದೆ. ಸ್ವಲ್ಪ ತಿಂದು ಹೋದರೆ ಬೇಕಾದದ್ದನ್ನು ಆರಿಸಲು ತಾಳ್ಮೆ ಇರುತ್ತದೆ. ಮಾರ್ಚ್‌ನ ಆ ಒಪ್ಪಂದಗಳು ಏಪ್ರಿಲ್‌ಗೆ ಆ ತಾಳ್ಮೆ ಕೊಟ್ಟವು.

ಇನ್ನೊಂದು ತೂತು ಇತ್ತು, ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ತಂಡದ ಹಳೆಯ ಹುಲಿ, ರಿಸೀವರ್ ಎ.ಜೆ. ಗ್ರೀನ್ 2020ರಲ್ಲಿ ಹಿಡಿದದ್ದು ಬರೀ 523 ಯಾರ್ಡ್, ಆಮೇಲೆ ಅರಿಜೋನಾಗೆ ಹೊರಟರು. ದೂರದ ಚೆಂಡನ್ನು ಓಡಿ ಹಿಡಿಯುವವರೇ ಇರಲಿಲ್ಲ. ಬರೋ ಎಸೆದ ಒಂದೊಂದು ಚೆಂಡಿಗೆ ಸರಾಸರಿ 6.7 ಯಾರ್ಡ್ ಮಾತ್ರ ಸಿಕ್ಕಿತ್ತು. ದೂರದ ಭಯ ಇಲ್ಲದಿದ್ದರೆ ಎದುರಾಳಿಗಳು ಮುಂದಕ್ಕೆ ಬಂದು ಗುಂಪು ಕಟ್ಟುತ್ತಾರೆ. ಆಗ ಗೋಡೆಯ ಮೇಲೂ ಒತ್ತಡ ಜಾಸ್ತಿ. ಎರಡು ತೂತುಗಳಿಗೂ ನಂಟು ಇತ್ತು, ಅಲ್ವಾ?

ಮುಖ್ಯವಾದ ಮಾತು ಇನ್ನೂ ಇದೆ. ಐದು ಜನರ ಲೈನ್ ಅಂದರೆ ಕೆರೆ ಏರಿ ಇದ್ದ ಹಾಗೆ. ಎಲ್ಲಿ ತೆಳುವೋ ಅಲ್ಲೇ ಒಡೆಯುತ್ತದೆ. ಒಂದು ತುದಿಗೆ ಬಂಡೆ ತಂದಿಟ್ಟರೂ ನಡುವೆ ಮಣ್ಣು ಸಡಿಲ ಇದ್ದರೆ ನೀರು ಅಲ್ಲಿಂದಲೇ ನುಗ್ಗುತ್ತದೆ. ಎದುರಾಳಿ ಕೋಚ್‌ಗಳ ಕೆಲಸವೇ ಆ ಜಾಗ ಹುಡುಕೋದು. ರಿಸೀವರ್ ಲೆಕ್ಕ ಬೇರೆ. ಒಬ್ಬರೇ ಒಬ್ಬರು ಅಸಾಮಾನ್ಯರಿದ್ದರೂ ಅವರ ಮೇಲೆ ಇಬ್ಬರು ಕಾವಲು ಬೀಳುತ್ತಾರೆ, ಉಳಿದವರಿಗೆ ಜಾಗ ತೆರೆಯುತ್ತದೆ. ಐದನೇ ಸರದಿಯಂಥ ಅಪರೂಪದ ಅವಕಾಶವನ್ನು, ಒಬ್ಬರಿಂದಲೇ ಆಟ ಬದಲಾಗುವ ಜಾಗಕ್ಕೆ ಖರ್ಚು ಮಾಡೋದು ಜಾಣತನ. ಗೋಡೆಯನ್ನು ಮೂರ್ನಾಲ್ಕು ಸಾಧಾರಣ ಬೆಲೆಯ ಒಳ್ಳೆಯ ಇಟ್ಟಿಗೆಗಳಿಂದ ಕಟ್ಟಬೇಕು.

ಬರೋ ಬಿದ್ದದ್ದನ್ನೇ ಮತ್ತೊಮ್ಮೆ ನೋಡಿ. ಕಾಲ ಮೇಲೆ ಬಿದ್ದ ಜೊನಾಥನ್ ಆ್ಯಲನ್ ನುಗ್ಗಿದ್ದು ನಡುವಿನಿಂದ, ಗಾರ್ಡ್ ಅನ್ನು ಹಿಂದಕ್ಕೆ ತಳ್ಳಿಕೊಂಡು. ತುದಿಯ ಟ್ಯಾಕಲ್ ಎಷ್ಟು ದೊಡ್ಡವರಾಗಿದ್ದರೂ ಆ ಆಟದಲ್ಲಿ ಏನೂ ಮಾಡಲು ಆಗುತ್ತಿರಲಿಲ್ಲ.

ಚೇಸ್ ಶುರು ಮಾಡಿದ್ದು ಮಾತ್ರ ಚೆನ್ನಾಗಿರಲಿಲ್ಲ. ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ ಒಂದರ ಹಿಂದೊಂದು ಚೆಂಡು ಕೈಬಿಟ್ಟರು. ಕಾಲೇಜು ಚೆಂಡಿಗೆ ಇರುವ ಬಿಳಿ ಪಟ್ಟಿ ವೃತ್ತಿಪರ ಲೀಗಿನ ಚೆಂಡಿಗೆ ಇಲ್ಲ, ಅದಕ್ಕೆ ಹೊಂದಿಕೊಳ್ಳಬೇಕು ಅಂದರು. ಜನ ಎಷ್ಟು ಗೇಲಿ ಮಾಡಿದರು! ಒಂದು ವರ್ಷ ಆಟದಿಂದ ದೂರ ಇದ್ದ 21ರ ಹುಡುಗ ಸುಮ್ನೆ ನಿಜ ಹೇಳಿದ್ದು ಅಷ್ಟೇ. ಸೆಪ್ಟೆಂಬರ್ 12ರ ಮೊದಲ ಪಂದ್ಯದಲ್ಲೇ ಮಿನೆಸೋಟಾ ವಿರುದ್ಧ 101 ಯಾರ್ಡ್, ಅದರಲ್ಲಿ 50 ಯಾರ್ಡಿನ ಒಂದು ಟಚ್‌ಡೌನ್. ಗೇಲಿ ಅಲ್ಲಿಗೆ ನಿಂತಿತು.

2022ರ ಜನವರಿ 2ರಂದು ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ ಅವರು ಆಡಿದ ಆಟ ಇವತ್ತಿಗೂ ನನ್ನ ಕಣ್ಣ ಮುಂದಿದೆ. 11 ಚೆಂಡು, 266 ಯಾರ್ಡ್, 3 ಟಚ್‌ಡೌನ್. ಹೊಸ ಆಟಗಾರರೊಬ್ಬರು ಒಂದೇ ಪಂದ್ಯದಲ್ಲಿ ಅಷ್ಟು ಯಾರ್ಡ್ ಗಳಿಸಿದ್ದು ಲೀಗಿನಲ್ಲೇ ಮೊದಲು. ಅಂಕ 34-31, ವಿಭಾಗದ ಪಟ್ಟ ಬೆಂಗಾಲ್ಸ್‌ಗೆ. ವರ್ಷದ ಒಟ್ಟು ಲೆಕ್ಕ 1,455 ಯಾರ್ಡ್, ಅಲ್ಲಿಯವರೆಗಿನ ತಂಡದ ಇತಿಹಾಸದಲ್ಲೇ ಒಂದು ಸೀಸನ್ನಿನ ದಾಖಲೆ. ಹಿಂದಿನ ವರ್ಷ 6.7 ಇದ್ದ ಬರೋ ಸರಾಸರಿ 8.9ಕ್ಕೆ ಏರಿತು, ಇಡೀ ಲೀಗಿನಲ್ಲೇ ಅತಿ ಹೆಚ್ಚು. ತಂಡಕ್ಕೆ 10 ಗೆಲುವು, 7 ಸೋಲು.

ಗೋಡೆ? ಅದು ಹಾಗೇ ಇತ್ತು. ಬರೋ ಆ ಸೀಸನ್ನಿನಲ್ಲಿ 51 ಸಲ ಸ್ಯಾಕ್ ಆದರು, ಲೀಗಿನಲ್ಲಿ ಬೇರೆ ಯಾರಿಗೂ ಅಷ್ಟು ಪೆಟ್ಟು ಬೀಳಲಿಲ್ಲ. ಚೆಂಡನ್ನು ಕೊನೆ ಗಳಿಗೆವರೆಗೆ ಕೈಯಲ್ಲಿ ಹಿಡಿದುಕೊಳ್ಳುವ ಅವರ ಅಭ್ಯಾಸವೂ ಅದಕ್ಕೆ ಒಂದು ಪಾಲು ಕಾರಣ. ಪ್ಲೇಆಫ್‌ನಲ್ಲಿ ರೇಡರ್ಸ್ ವಿರುದ್ಧ 26-19. 31 ವರ್ಷದ ಕಾಯುವಿಕೆ ಮುಗಿಯಿತು. ಮುಂದಿನ ವಾರ ಟೆನೆಸ್ಸಿ ವಿರುದ್ಧ ಬರೋ ಒಂದೇ ಪಂದ್ಯದಲ್ಲಿ 9 ಸಲ ಸ್ಯಾಕ್ ಆಗಿಯೂ ತಂಡ 19-16ರಿಂದ ಗೆದ್ದಿತು. ಅದರಲ್ಲಿ ಮೂರು ಸ್ಯಾಕ್ ಒಬ್ಬರೇ ಜೆಫ್ರಿ ಸಿಮನ್ಸ್ ಅವರದು. ಅವರು ಆಡುವುದು ನಡುವಿನಲ್ಲಿ.

ಇಲ್ಲಿಗೆ ನಾನು ಹೇಳಬೇಕು ಅಂದುಕೊಂಡ ವಿಷಯ ಬಂತು. ಎಲ್ಲರೂ ಐದನೇ ಆಯ್ಕೆಯ ಬಗ್ಗೆ ಜಗಳ ಆಡಿದರು. ನನ್ನ ಮಟ್ಟಿಗೆ ಈ ಪ್ರಕರಣದ ತಪ್ಪು ಇರುವುದು ನಲವತ್ತಾರನೆಯದರಲ್ಲಿ.

ಎರಡನೇ ಸುತ್ತಿನಲ್ಲಿ ಬೆಂಗಾಲ್ಸ್‌ಗೆ 38ನೇ ಸರದಿ ಇತ್ತು. ಅದನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಕೊಟ್ಟು 46ಕ್ಕೆ ಇಳಿದರು, ಬದಲಿಗೆ ನಾಲ್ಕನೇ ಸುತ್ತಿನ ಎರಡು ಆಯ್ಕೆ ಪಡೆದರು. ಕಾಗದದ ಮೇಲೆ ಒಳ್ಳೆಯ ವ್ಯಾಪಾರವೇ. ತೂತು ಜಾಸ್ತಿ ಇರುವ ತಂಡಕ್ಕೆ ಜಾಸ್ತಿ ಆಯ್ಕೆ ಬೇಕು. 38ರಲ್ಲೇ ನಿಂತಿದ್ದರೆ ಸಿಗುತ್ತಿದ್ದ ಟ್ಯಾಕಲ್ ಟೆವೆನ್ ಜೆಂಕಿನ್ಸ್ ಮರುಸರದಿಯಲ್ಲೇ ಶಿಕಾಗೋಗೆ ಹೋದರು, ಆದರೆ ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಮೊದಲ ಸೀಸನ್ನಿನ ಬಹುಭಾಗ ಕಳೆದುಕೊಂಡರು. ಹಾಗಾಗಿ ಕೆಳಗಿಳಿದದ್ದನ್ನು ನಾನು ತಪ್ಪು ಅನ್ನುವುದಿಲ್ಲ.

46ರಲ್ಲಿ ಆರಿಸಿದ್ದು ಜಾಕ್ಸನ್ ಕಾರ್ಮನ್ ಅವರನ್ನು. ಸಿನ್ಸಿನಾಟಿ ಪಕ್ಕದ ಫೇರ್‌ಫೀಲ್ಡ್‌ನವರೇ, ಊರ ಹುಡುಗ. ಕ್ಲೆಮ್ಸನ್ ಕಾಲೇಜಿನಲ್ಲಿ ಎಡ ಟ್ಯಾಕಲ್ ಆಗಿ ಆಡಿದವರು. ಬೆಂಗಾಲ್ಸ್ ಅವರನ್ನು ಗಾರ್ಡ್ ಜಾಗಕ್ಕೆ ತಿರುಗಿಸಲು ಹೊರಟಿತು. ಇದೇ ನನಗೆ ಸರಿಕಾಣದ ಜಾಗ. ತಂಡದ ಅತಿ ದೊಡ್ಡ ತೂತು ನಡುವಿನಲ್ಲಿತ್ತು, ಅದಕ್ಕೆ ಆ ಜಾಗದಲ್ಲಿ ಕಾಲೇಜಿನಲ್ಲಿ ಪಳಗಿದವರನ್ನು ತರಲಿಲ್ಲ. ಹೊಸ ಜಾಗ ಕಲಿಯಬೇಕಾದವರನ್ನು ತಂದರು, ಅದೂ ಈ ವರ್ಷವೇ ಆಡಬೇಕು ಅನ್ನುವ ಅವಸರದಲ್ಲಿ. ಕಾರ್ಮನ್ ಮೊದಲ ವರ್ಷ ಆರಂಭಿಕ ಆಟಗಾರರಾಗಿ ಆರು ಪಂದ್ಯ ಮಾತ್ರ ಆಡಿದರು. 2022ರಲ್ಲಿ ನಾಲ್ಕನೇ ಸುತ್ತಿನಲ್ಲಿ ಬಂದ ಕಾರ್ಡೆಲ್ ವೋಲ್ಸನ್ ಎಡ ಗಾರ್ಡ್ ಜಾಗವನ್ನು ಅವರಿಂದ ಗೆದ್ದುಕೊಂಡರು. ಆ ವ್ಯಾಪಾರದಲ್ಲಿ ಸಿಕ್ಕ ಎರಡು ನಾಲ್ಕನೇ ಸುತ್ತಿನ ಆಯ್ಕೆಗಳಲ್ಲಿ ಬಂದ ಟೈಲರ್ ಶೆಲ್ವಿನ್, ಡಿಆಂಟೆ ಸ್ಮಿತ್ ಕೂಡ ತಂಡದಲ್ಲಿ ಬೇರು ಬಿಡಲಿಲ್ಲ.

ಅದೇ ಡ್ರಾಫ್ಟ್‌ನಲ್ಲಿ ಚೀಫ್ಸ್ ಏನು ಮಾಡಿತು ನೋಡಿ. ಅವರಿಗೂ ಇದೇ ರೋಗ. 2021ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, ಟ್ಯಾಂಪಾ ತಂಡ ಅವರ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಮೈದಾನದ ತುಂಬ ಓಡಾಡಿಸಿತ್ತು. ಚೀಫ್ಸ್ ಗೋಡೆಯನ್ನೇ ಕೆಡವಿ ಹೊಸದಾಗಿ ಕಟ್ಟಿತು. ಎಡ ಟ್ಯಾಕಲ್ ಒರ್ಲ್ಯಾಂಡೊ ಬ್ರೌನ್ ಅವರನ್ನು ಬಾಲ್ಟಿಮೋರ್‌ನಿಂದ ವಿನಿಮಯದಲ್ಲಿ ತಂದರು. ಗಾರ್ಡ್ ಜೋ ತೂನಿ ಅವರಿಗೆ ದುಡ್ಡು ಸುರಿದರು. ಡ್ರಾಫ್ಟ್‌ನ 63ನೇ ಸರದಿಯಲ್ಲಿ ಸೆಂಟರ್ ಕ್ರೀಡ್ ಹಂಫ್ರಿ, ಆರನೇ ಸುತ್ತಿನ 226ನೇ ಸರದಿಯಲ್ಲಿ ಗಾರ್ಡ್ ಟ್ರೇ ಸ್ಮಿತ್. ಇಬ್ಬರೂ ಮೊದಲ ವರ್ಷವೇ ಆರಂಭಿಕ ಆಟಗಾರರಾದರು, ಮುಂದೆ ಸೂಪರ್ ಬೌಲ್‌ಗಳನ್ನು ಗೆದ್ದರು. ಇಬ್ಬರೂ ನಡುವಿನ ಆಟಗಾರರು, ಅದೇ ಜಾಗಕ್ಕೆ ಕಾಲೇಜಿನಲ್ಲಿ ಪಳಗಿದವರು. ಹಂಫ್ರಿ ಬೆಂಗಾಲ್ಸ್‌ನ 46ನೇ ಸರದಿ ಬಂದಾಗಲೂ ಇದ್ದರು. ಮುಂದೆ ವಾಷಿಂಗ್ಟನ್‌ನ ಕಾಯಂ ಆಟಗಾರರಾದ ಲೈನ್‌ಮನ್ ಸ್ಯಾಮ್ ಕಾಸ್ಮಿ 51ರಲ್ಲಿ ಹೋದರು. ಹಂಫ್ರಿ ಅವರನ್ನು ಬೇರೆ ಎಷ್ಟೋ ತಂಡಗಳೂ ಬಿಟ್ಟವು ನಿಜ. ಆದರೆ ಆ ತಂಡಗಳಲ್ಲಿ ಎಷ್ಟಕ್ಕೆ ಮುರಿದ ಮಂಡಿಯ ಕ್ವಾರ್ಟರ್‌ಬ್ಯಾಕ್ ಇದ್ದರು?

ಗೋಡೆಗೆ ಬೇಕಾದ ಆಟಗಾರರು ಎರಡನೇ ಸುತ್ತಿನಿಂದ ಆರನೇ ಸುತ್ತಿನವರೆಗೂ ಸಿಗುತ್ತಿದ್ದರು. ಚೇಸ್‌ನಂಥವರು ಐದನೆಯದರಲ್ಲಿ ಮಾತ್ರ. ಐದರಲ್ಲಿ ಧೈರ್ಯ ಮಾಡಿದ ತಂಡ ಅದರ ಮುಂದಿನ ಹೆಜ್ಜೆಯನ್ನು ಅಷ್ಟೇ ಗಟ್ಟಿಯಾಗಿ ಇಡಬೇಕಿತ್ತು. ನಮ್ಮ ಆರ್‌ಸಿಬಿ ನೋಡಿ ಬೆಳೆದವರಿಗೆ ಈ ನೋವು ಚೆನ್ನಾಗಿ ಗೊತ್ತು. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಅವರನ್ನು ಕೂಡಿಸಿದ್ದು ತಪ್ಪಾಗಿರಲಿಲ್ಲ. ಕೊನೆಯ ಓವರ್‌ಗಳಿಗೆ ಬೌಲರ್ ಹುಡುಕುವ ಕೆಲಸ ವರ್ಷಾನುಗಟ್ಟಲೆ ಅರ್ಧಕ್ಕೇ ನಿಂತಿತ್ತು.

ಬೆಂಗಾಲ್ಸ್‌ಗೆ ಅನ್ಯಾಯ ಆಗದ ಹಾಗೆ ಇನ್ನೊಂದು ಆಯ್ಕೆಯನ್ನೂ ಹೇಳಲೇಬೇಕು. ಐದನೇ ಸುತ್ತು, 149ನೇ ಸರದಿ, ಕಿಕ್ಕರ್ ಇವಾನ್ ಮೆಕ್‌ಫರ್ಸನ್. ಕಿಕ್ಕರ್ ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ತರುವವರು. ಆ ವರ್ಷ ಇಡೀ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಒಬ್ಬರೇ ಕಿಕ್ಕರ್. ಕಿಕ್ಕರ್‌ಗೆ ಡ್ರಾಫ್ಟ್ ಆಯ್ಕೆ ಯಾಕೆ ಹಾಳು ಮಾಡಬೇಕು ಅನ್ನುವವರೇ ಹೆಚ್ಚು. ಆದರೆ 2020ರ ಮೊದಲ ಪಂದ್ಯದಲ್ಲಿ ಬೆಂಗಾಲ್ಸ್ ಕೊನೆ ಕ್ಷಣದ 31 ಯಾರ್ಡ್ ಕಿಕ್ ತಪ್ಪಿ 16-13ರಿಂದ ಸೋತಿತ್ತು, ಬರೋ ಅವರ ಮೊಟ್ಟಮೊದಲ ಪಂದ್ಯ ಅದು. ಮೆಕ್‌ಫರ್ಸನ್ ಆ ಪ್ಲೇಆಫ್‌ನಲ್ಲಿ 14ಕ್ಕೆ 14 ಕಿಕ್ ಹೊಡೆದರು. ಟೆನೆಸ್ಸಿ ವಿರುದ್ಧ ಕೊನೆ ಕ್ಷಣದಲ್ಲಿ 52 ಯಾರ್ಡ್. ಕಾನ್ಸಾಸ್ ಸಿಟಿಯಲ್ಲಿ 21-3ರಿಂದ ಹಿಂದಿದ್ದ ತಂಡ ಹೆಚ್ಚುವರಿ ಅವಧಿಗೆ ಹೋದಾಗ, ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ ಕಿಕ್ ಸರಿಯಾಗಿ 31 ಯಾರ್ಡ್. ಅಗತ್ಯವನ್ನು ಸರಿಯಾಗಿ ಗುರುತಿಸಿ, ಸರಿಯಾದ ಬೆಲೆಗೆ, ಆ ಕೆಲಸಕ್ಕೇ ಪಳಗಿದವರನ್ನು ತರೋದು ಅಂದರೆ ಇದು. ಈ ಒಂದು ಆಯ್ಕೆಯನ್ನು ನಾನು ಚೇಸ್ ಆಯ್ಕೆಯಷ್ಟೇ ಮೆಚ್ಚುತ್ತೇನೆ.

ಸೂಯೆಲ್ ಪರ ವಾದಕ್ಕೂ ತೂಕ ಇದೆ. ರೀಫ್ ಡಿಸೆಂಬರ್‌ನಲ್ಲಿ ಕಣಕಾಲಿನ ಗಾಯದಿಂದ ಹೊರಬಿದ್ದರು. ಪ್ಲೇಆಫ್ ಪೂರ್ತಿ ಬಲ ಟ್ಯಾಕಲ್ ಜಾಗದಲ್ಲಿ ನಿಂತದ್ದು ಬದಲಿ ಆಟಗಾರ ಐಸಯಾ ಪ್ರಿನ್ಸ್. ಅಲ್ಲಿ ಸೂಯೆಲ್ ಇದ್ದಿದ್ದರೆ ಖಂಡಿತ ಕೆಲವು ಪೆಟ್ಟು ತಪ್ಪುತ್ತಿದ್ದವು. ಡೆಟ್ರಾಯಿಟ್‌ನಲ್ಲಿ ಅವರು 2023, 2024 ಎರಡೂ ವರ್ಷ ಆಲ್-ಪ್ರೊ ಮೊದಲ ತಂಡಕ್ಕೆ, ಅಂದರೆ ಲೀಗಿನ ಆ ವರ್ಷದ ಅತ್ಯುತ್ತಮರ ಪಟ್ಟಿಗೆ, ಆಯ್ಕೆಯಾದರು. ಹಳ್ಳದಲ್ಲಿದ್ದ ಲಯನ್ಸ್ ತಂಡ ಅವರ ಹೆಗಲ ಮೇಲೆ ನಿಂತು ಎದ್ದಿತು. ಅವರನ್ನು ಆರಿಸಿದ್ದರೂ ಅದು ಕೆಟ್ಟ ಆಯ್ಕೆ ಆಗುತ್ತಿರಲಿಲ್ಲ. ಆದರೆ ಚೇಸ್ ಇಲ್ಲದೆ ಆ ತಂಡ ಪ್ಲೇಆಫ್‌ವರೆಗೆ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಆ ಸೀಸನ್ನಿನ ಸೂಪರ್ ಬೌಲ್‌ನಲ್ಲಿ ಸೋತ ನಂತರ ಬೆಂಗಾಲ್ಸ್ ಮಾಡಿದ್ದು ಏನು? 2022ರ ಮಾರ್ಚ್‌ನಲ್ಲಿ ಒಂದೇ ಉಸಿರಿಗೆ ಮೂವರು ಲೈನ್‌ಮನ್‌ಗಳನ್ನು ತಂದಿತು: ಟ್ಯಾಂಪಾದಿಂದ ಅಲೆಕ್ಸ್ ಕ್ಯಾಪಾ, ನ್ಯೂ ಇಂಗ್ಲೆಂಡ್‌ನಿಂದ ಟೆಡ್ ಕ್ಯಾರಸ್, ಡಲ್ಲಾಸ್‌ನಿಂದ ಲಾಯೆಲ್ ಕಾಲಿನ್ಸ್. ಇಬ್ಬರು ನಡುವಿಗೆ, ಒಬ್ಬರು ತುದಿಗೆ. ಮುಂದಿನ ವರ್ಷ ಒರ್ಲ್ಯಾಂಡೊ ಬ್ರೌನ್ ಅವರನ್ನೇ 64 ಮಿಲಿಯನ್‌ಗೆ ಕರೆತಂದರು. ಒಂದು ವರ್ಷ ಮುಂಚೆಯೇ ನಡುವಿನ ಮೇಲೆ ಈ ಗಮನ ಬಿದ್ದಿದ್ದರೆ!

ಆ ಸೂಪರ್ ಬೌಲ್‌ಗೇ ಬರೋಣ. 2022ರ ಫೆಬ್ರವರಿ 13, ಲಾಸ್ ಏಂಜಲಿಸ್ ಪಕ್ಕದ ಸೋಫೈ ಸ್ಟೇಡಿಯಂ. ನಮಗೆ 14ರ ಮುಂಜಾನೆ. ಎದುರಾಳಿ ರಾಮ್ಸ್. ಬರೋ ಅಷ್ಟರಲ್ಲಿ ಏಳು ಸಲ ಸ್ಯಾಕ್ ಆಗಿದ್ದರು. ಅಂಕ 23-20, ಬೆಂಗಾಲ್ಸ್ ಮೂರು ಹಿಂದೆ. 43 ಸೆಕೆಂಡ್ ಉಳಿದಿದೆ. ನಾಲ್ಕನೇ ಪ್ರಯತ್ನ, ಅದೇ ಕೊನೆಯದು; ಚೆಂಡು ತಮ್ಮ ಕೈಯಲ್ಲೇ ಉಳಿಯಲು ಒಂದೇ ಒಂದು ಯಾರ್ಡ್ ಬೇಕು. ಚೆಂಡು ಬರೋ ಕೈಗೆ ಬಂತು. ಮೈದಾನದ ಒಂದು ಬದಿಯಲ್ಲಿ ಚೇಸ್ ಓಡಿದರು, ಅವರನ್ನು ಕಾಯುತ್ತಿದ್ದ ಜೇಲನ್ ರ‍್ಯಾಮ್ಸಿ ಎಡವಿ ಬಿದ್ದರು. ಚೇಸ್ ಮುಂದೆ ಯಾರೂ ಇಲ್ಲ, ಬರೀ ಹುಲ್ಲು. ಬರೋ ಕತ್ತು ಎತ್ತಿ ಆ ಕಡೆ ನೋಡುವಷ್ಟರಲ್ಲಿ ಏರನ್ ಡಾನಲ್ಡ್ ನಡುವಿನಿಂದ ನುಗ್ಗಿ ಬಂದು ಅವರನ್ನು ಹಿಡಿದು ತಿರುಗಿಸಿಬಿಟ್ಟರು. ಬೀಳುತ್ತಾ ಎಸೆದ ಚೆಂಡು ಇನ್ನೊಬ್ಬರ ಕಡೆ ಹೋಗಿ ನೆಲಕ್ಕೆ ಬಿತ್ತು. ಚೇಸ್ ಇನ್ನೂ ಓಡುತ್ತಲೇ ಇದ್ದರು.